ಲಿಸ್ಬನ್‌ನಲ್ಲಿ ನಮ್ಮದೇ ಸುತ್ತಾಟ: ಖಾಸಗಿ ಗೈಡ್ ಗೊತ್ತುಮಾಡಿಕೊಳ್ಳುವ ಬಗೆ

ಅಲ್ಫಾಮಾ ಬಡಾವಣೆಯ ಏರುದಾರಿಯ ಒಂದು ತಿರುವಿನಲ್ಲಿ ಆಯಿ, ಅಂದರೆ ನನ್ನ ತಾಯಿ, ನಿಂತಳು. ಎದುರಿನ ಬಿಳಿ ಗೋಡೆಯ ಕಟ್ಟಡ ತೋರಿಸಿ, "ಇದು ಯಾವ ಇಗರ್ಜಿ?" ಎಂದು ನನ್ನನ್ನು ಕೇಳಿದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಗೈಡ್ ಉತ್ತರ ಹೇಳಲು ಶುರುಮಾಡಿದ್ದರು. ಹೊನ್ನಾವರದ ಕಡೆ ಚರ್ಚಿಗೆ ನಾವು ದಿನವೂ ಆಡುವ ‘ಇಗರ್ಜಿ’ ಪೋರ್ಚುಗೀಸರಿಂದ ಬಂದ ಮಾತು. ಲಿಸ್ಬನ್‌ನಲ್ಲಿ ಅದು ಇಂದಿಗೂ ‘ಇಗ್ರೇಜ’. ಆಮೇಲಿನ ಹತ್ತು ನಿಮಿಷ ಅವರಿಬ್ಬರಿಗೆ ನನ್ನ ಅನುವಾದವೇ ಬೇಕಾಗಲಿಲ್ಲ. ಆಯಿ ಚಾವಿ ಎಂದಳು, ಬಾಲ್ದಿ ಎಂದಳು, ಪಾದ್ರಿ ಎಂದಳು, ಅನಾನಸು ಎಂದಳು. ಗೈಡ್ ಒಂದೊಂದು ಪದವನ್ನೂ ತಮ್ಮ ಉಚ್ಚಾರದಲ್ಲಿ ಮರಳಿ ಹೇಳುತ್ತ ಹೋದರು.

ಐವತ್ತು ಜನರ ಬಸ್ ಪ್ರವಾಸದಲ್ಲಿ ಇಂಥ ಹತ್ತು ನಿಮಿಷಕ್ಕೆ ಎಡೆಯಿಲ್ಲ. ಹಾಗೆಂದು ಖಾಸಗಿ ಗೈಡ್ ಗೊತ್ತುಮಾಡಿದ ಮಾತ್ರಕ್ಕೆ ಅದು ತಾನಾಗಿ ಒದಗುವುದೂ ಇಲ್ಲ. ಅದಕ್ಕೂ ಮೂರು ವರ್ಷ ಮೊದಲು ಕಚೇರಿಯ ಕೆಲಸಕ್ಕೆ ಲಿಸ್ಬನ್‌ಗೆ ಹೋಗಿದ್ದೆ. ಬಿಡುವಿದ್ದದ್ದು ಒಂದೇ ದಿನ. ಒಂದು ಸಂಸ್ಥೆಯಿಂದ ‘ನಿಮಗೆ ಬೇಕಾದಂತೆ ರೂಪಿಸಿದ ಖಾಸಗಿ ಪ್ರವಾಸ’ ಕೊಂಡೆ. ಆ ದಿನ ಸೋಮವಾರ. ನದಿ ಬದಿಯ ಬೆಲೆಂ ಬಡಾವಣೆಯ ಜೆರೋನಿಮೋಸ್ ಮಠಕ್ಕೂ ಬೆಲೆಂ ಗೋಪುರಕ್ಕೂ ಸೋಮವಾರ ರಜೆ. ಹಣ ಪಡೆಯುವಾಗ ಅದನ್ನು ಯಾರೂ ಹೇಳಲಿಲ್ಲ. ಮುಚ್ಚಿದ ಬಾಗಿಲುಗಳ ಮುಂದೆ ಫೋಟೊ ತೆಗೆಸಿಕೊಂಡು ಬಂದೆ. ನಿಮ್ಮ ಹೆಸರು, ದಿನಾಂಕ ಸೇರಿಸಿದ ಸಿದ್ಧ ಪಟ್ಟಿಯನ್ನೇ ಬಹಳ ಕಡೆ ‘ನಿಮ್ಮ ಪ್ರವಾಸ’ ಎಂದು ಮಾರುತ್ತಾರೆ ಎಂಬುದು ಅಂದು ತಿಳಿಯಿತು. ಆಯಿಯನ್ನು ಕರೆದುಕೊಂಡು ಹೋಗುವಾಗ ಅದು ಮರುಕಳಿಸಬಾರದೆಂದು ಐದು ವಾರ ಪತ್ರ ವ್ಯವಹಾರ ಮಾಡಿದೆ. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಊರು ಲಿಸ್ಬನ್ ಆದರೂ ಇದರ ಬಹುಭಾಗ ಯುರೋಪಿನ ಯಾವ ಊರಿಗಾದರೂ ಒಗ್ಗುತ್ತದೆ.

ಮೊದಲು: ಏನು ನೋಡಬೇಕೆಂದು ನೀವೇ ತೀರ್ಮಾನಿಸಿ

ಹುಡುಕಾಟ ಶುರುಮಾಡುವ ಮುನ್ನ ಒಂದು ಸಂಜೆ ಮನೆಯವರೆಲ್ಲ ಕುಳಿತು ಮಾತಾಡಿ. ‘ಲಿಸ್ಬನ್‌ನಲ್ಲಿ ನೋಡಲೇಬೇಕಾದ ಸ್ಥಳಗಳು’ ಎಂಬ ಪಟ್ಟಿ ತೆರೆಯಬೇಡಿ. ಅದು ಹೇಗೂ ಗೈಡ್‌ಗೆ ಬಾಯಿಪಾಠ. ಅವರಿಗೆ ಗೊತ್ತಿಲ್ಲದ್ದು ನೀವು ಯಾರು, ಎಲ್ಲಿಂದ ಬಂದಿರಿ, ಯಾವ ಪ್ರಶ್ನೆ ಹೊತ್ತು ಬಂದಿರಿ ಎಂಬುದು. ಅದನ್ನು ಹೇಳಬೇಕಾದವರು ನೀವು.

ಕರ್ನಾಟಕದಿಂದ ಹೋಗುವವರಿಗೆ ಲಿಸ್ಬನ್ ಪರಕೀಯ ಊರಲ್ಲ. ವಾಸ್ಕೋ ಡ ಗಾಮ 1497ರ ಜುಲೈ 8ರಂದು ಹೊರಟದ್ದು ಬೆಲೆಂ ತೀರದಿಂದ. ಮರುವರ್ಷ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಅವನ ಹಡಗುಗಳು ತಂಗಿ ದುರಸ್ತಿ ಮಾಡಿಕೊಂಡದ್ದು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ. 1510ರಲ್ಲಿ ಗೋವೆಯ ಮೇಲೆ ದಾಳಿ ಮಾಡುವಂತೆ ಪೋರ್ಚುಗೀಸ್ ಗವರ್ನರ್ ಅಫೊನ್ಸೊ ಡ ಅಲ್ಬುಕರ್ಕನನ್ನು ಹುರಿದುಂಬಿಸಿದವನು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸ್ ದಾಖಲೆಗಳಲ್ಲಿ ಅವನು ‘ತಿಮೋಜ’. ವಿಜಯನಗರವನ್ನು ಕಣ್ಣಾರೆ ಕಂಡು ಬರೆದ ಡೊಮಿಂಗೊ ಪಾಯೆಸ್ ಮತ್ತು ಫೆರ್ನಾವ್ ನೂನಿಜ್ ಇಬ್ಬರೂ ಪೋರ್ಚುಗೀಸರು. ಅವರ ಬರಹದಲ್ಲಿ ನಮ್ಮ ವಿಜಯನಗರ ‘ಬಿಸ್ನಗಾ’ ಆಗಿದೆ. ಅರಬ್ಬಿ ಕುದುರೆಗಳು ಗೋವೆಯ ಮೂಲಕ ಕೃಷ್ಣದೇವರಾಯನ ಲಾಯ ಸೇರಿದ್ದು ಈ ನಂಟಿನಿಂದಲೇ. ಉಳ್ಳಾಲದ ಅಬ್ಬಕ್ಕ ಕತ್ತಿ ಎತ್ತಿದ್ದೂ ಇದೇ ಸಾಮ್ರಾಜ್ಯದ ವಿರುದ್ಧ.

ಈ ಎಳೆ ಹಿಡಿದು ನಡೆದರೆ ಊರಿನ ಕಲ್ಲುಗಳು ಬೇರೆಯೇ ಮಾತಾಡುತ್ತವೆ. ಜೆರೋನಿಮೋಸ್ ಮಠ ಕಟ್ಟಲು ಹಣ ಬಂದದ್ದು ಸಾಂಬಾರ ವ್ಯಾಪಾರದ ಮೇಲಿನ ಶೇಕಡ 5ರ ತೆರಿಗೆಯಿಂದ. ಮಲಬಾರ್, ಕೆನರಾ ತೀರದ ಕಾಳುಮೆಣಸು ಅಲ್ಲಿ ಕಲ್ಲಾಗಿ ನಿಂತಿದೆ ಎಂದರೆ ತಪ್ಪಿಲ್ಲ. ಅದರ ಇಗರ್ಜಿಯೊಳಗೆ ಗಾಮನ ಸಮಾಧಿಯಿದೆ. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡವನ ಅವಶೇಷಗಳು ಇಲ್ಲಿಗೆ ಬಂದದ್ದು 1880ರಲ್ಲಿ. ಇನ್ನೂ ಒಳಗೆ ಹೋದರೆ ರಾಜ ಮನುವೆಲ್‌ನ ಸಮಾಧಿಯನ್ನು ಅಮೃತಶಿಲೆಯ ಆನೆಗಳು ಹೊತ್ತಿವೆ. ಬೆಲೆಂ ಗೋಪುರದ ಒಂದು ಕಾವಲುಗೂಡಿನ ಬುಡದಲ್ಲಿ ಘೇಂಡಾಮೃಗದ ತಲೆಯ ಕೆತ್ತನೆಯಿದೆ. ಗುಜರಾತಿನ ಸುಲ್ತಾನ ಉಡುಗೊರೆಯಾಗಿ ಕೊಟ್ಟ ಘೇಂಡಾಮೃಗವೊಂದು ಗೋವೆಯಿಂದ ಹಡಗೇರಿ 1515ರ ಮೇ 20ರಂದು ಲಿಸ್ಬನ್‌ಗೆ ಬಂದಿಳಿಯಿತು. ಕೆತ್ತನೆ ಆ ಪ್ರಾಣಿಯ ನೆನಪು. ಊರ ನಡುವಿನ ‘ಕಾಜಾ ದುಷ್ ಬೀಕುಷ್’ ಎಂಬ ಮನೆಯ ಮುಖಗೋಡೆಯ ತುಂಬ ವಜ್ರದಂತೆ ಚೂಪಾಗಿ ಕೊರೆದ ಕಲ್ಲುಗಳಿವೆ. 1523ರಲ್ಲಿ ಅದನ್ನು ಕಟ್ಟಿಸಿದವನು ಅಲ್ಬುಕರ್ಕನ ಮಗ.

ಎಲ್ಲರಿಗೂ ಇತಿಹಾಸವೇ ಬೇಕೆಂದಿಲ್ಲ. ಬಣ್ಣದ ಹೆಂಚುಬಿಲ್ಲೆಗಳ ಕಲೆ, ಫಾದೊ ಸಂಗೀತ, ಅಡುಗೆ, 1755ರ ಭೂಕಂಪದ ನಂತರ ಊರನ್ನು ಮತ್ತೆ ಕಟ್ಟಿದ ರೀತಿ, ಹೀಗೆ ಯಾವುದಾದರೂ ಒಂದಿರಲಿ. ಆದರೆ ಒಂದಿರಲಿ, ಐದಲ್ಲ. ನಮ್ಮ ಮನೆಯಲ್ಲಿ ಆಯಿಗೆ ‘ನಮ್ಮ ಊರಿಗೆ ಬಂದವರು ಎಲ್ಲಿಂದ ಹೊರಟರು’ ಎಂಬುದು ಬೇಕಿತ್ತು. ಒಂಬತ್ತು ವರ್ಷದ ಮಗಳಿಗೆ ಘೇಂಡಾಮೃಗ ಬೇಕಿತ್ತು. ಎರಡೂ ಒಂದೇ ಎಳೆಯಲ್ಲಿ ಸಿಕ್ಕವು.

ಎರಡನೆಯದು: ಕಾಲು, ಮಾತು, ಹೊತ್ತು

ಲಿಸ್ಬನ್ ಏರಿಳಿತದ ಊರು. ಕಾಲುದಾರಿಗಳಿಗೆ ಹಾಸಿರುವ ಸಣ್ಣ ಸುಣ್ಣಕಲ್ಲುಗಳು ಸವೆದು ನುಣುಪಾಗಿವೆ. ಒಂದು ಹನಿ ಮಳೆ ಬಿದ್ದರೂ ಜಾರುತ್ತವೆ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ‘ಸ್ವಲ್ಪ ನಡೆಯಬಲ್ಲರು’ ಎಂದು ಬರೆಯಬೇಡಿ. ಆ ‘ಸ್ವಲ್ಪ’ ಗೈಡ್‌ಗೆ ಎರಡು ಕಿಲೋಮೀಟರ್ ಆಗಿರಬಹುದು. ‘ಸಮತಟ್ಟಿನಲ್ಲಿ ಇಪ್ಪತ್ತು ನಿಮಿಷ ನಡೆಯುತ್ತಾರೆ, ಮೆಟ್ಟಿಲು ಹತ್ತಾದ ಮೇಲೆ ಕೂರಬೇಕು, ಎರಡು ಗಂಟೆಗೊಮ್ಮೆ ಶೌಚಾಲಯ ಬೇಕು’ ಎಂದು ಲೆಕ್ಕ ಕೊಟ್ಟೇ ಬರೆಯಿರಿ. ಇದರಲ್ಲಿ ಸಂಕೋಚ ಸಲ್ಲದು. ದಾರಿ ರೂಪಿಸುವವರಿಗೆ ಇಡೀ ಪತ್ರದಲ್ಲಿ ಅತ್ಯಂತ ಉಪಯೋಗದ ಮಾಹಿತಿ ಇದೇ.

ಭಾಷೆಯ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಗೈಡ್ ಇಂಗ್ಲಿಷಿನಲ್ಲಿ ಹೇಳಬೇಕು, ನೀವು ಅದನ್ನು ಕನ್ನಡದಲ್ಲಿ ಹಿರಿಯರಿಗೆ ಹೇಳಬೇಕು. ಅಂದರೆ ಪ್ರತಿ ಮಾತಿಗೂ ಎರಡರಷ್ಟು ಹೊತ್ತು. ಮೂರು ಗಂಟೆಯಲ್ಲಿ ಆರು ಸ್ಥಳ ಎಂಬ ಯೋಜನೆ ಇದ್ದರೆ ನಿಮಗೆ ಮೂರೇ ಸಾಕು. ನಾಲ್ಕು ವಾಕ್ಯಕ್ಕೊಮ್ಮೆ ನಿಲ್ಲಿಸಿ ಎಂದು ಮೊದಲೇ ಕೇಳಿಕೊಳ್ಳಿ. ನಮ್ಮ ಗೈಡ್ ಆಮೇಲೆ ತಾವಾಗಿಯೇ ಚಿಕ್ಕ ವಾಕ್ಯಗಳಿಗೆ ಇಳಿದರು. ಅದರಿಂದ ಮಗಳಿಗೂ ಅನುಕೂಲವಾಯಿತು.

ಎಂಟು ಗಂಟೆಯ ಒಂದು ದಿನಕ್ಕಿಂತ ನಾಲ್ಕು ಗಂಟೆಯ ಎರಡು ಅರ್ಧದಿನ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಬೆಳಗ್ಗೆ ನದಿ ಬದಿಯ ದೊಡ್ಡ ಚೌಕ ತೆರ್ರೈರೊ ದು ಪಾಸು, ಕಾಜಾ ದುಷ್ ಬೀಕುಷ್, ಅಲ್ಫಾಮಾ. ಇನ್ನೊಂದು ಬೆಳಗ್ಗೆ ಬೆಲೆಂ. ಎರಡರ ನಡುವೆ ಆರೇಳು ಕಿಲೋಮೀಟರ್ ದೂರವಿದೆ. ಒಂದೇ ದಿನಕ್ಕೆ ತುರುಕಿದರೆ ವಾಹನದಲ್ಲೇ ಹೊತ್ತು ಹೋಗುತ್ತದೆ. ಲಿಸ್ಬನ್ ಹೊರಗಿನ ಪಟ್ಟಣ ಸಿಂತ್ರಾದ ಅರಮನೆಗಳನ್ನೂ ಅದೇ ದಿನಕ್ಕೆ ಸೇರಿಸುತ್ತೇವೆ ಎನ್ನುವವರಿದ್ದಾರೆ. ಒಪ್ಪಬೇಡಿ. ಸಿಂತ್ರಾ ತಾನೇ ಒಂದು ದಿನದ ಕೆಲಸ, ಅಲ್ಲಿನ ಪೇನಾ ಅರಮನೆಗೆ ಗೊತ್ತಾದ ಸಮಯದ ಟಿಕೆಟ್ ಬೇಕು.

ಮೂರನೆಯದು: ಪಂಚಾಂಗ ನೋಡಿ

ಸೋಮವಾರದ ಮಾತು ಆಗಲೇ ಹೇಳಿದೆ. ಮಠ, ಗೋಪುರ ಮಾತ್ರವಲ್ಲ, ಪ್ರಾಚೀನ ಕಲೆಯ ರಾಷ್ಟ್ರೀಯ ಸಂಗ್ರಹಾಲಯ, ಹೆಂಚುಬಿಲ್ಲೆಗಳ ಸಂಗ್ರಹಾಲಯ, ಓರಿಯೆಂಟ್ ಸಂಗ್ರಹಾಲಯಗಳಿಗೂ ಅಂದು ರಜೆ. ಸೋಮವಾರವೇ ಸಿಕ್ಕಿದರೆ ಅಲ್ಫಾಮಾ ಮತ್ತು ಸಾವ್ ಜೋರ್ಜ್ ಕೋಟೆ ಇಟ್ಟುಕೊಳ್ಳಿ. ಭಾನುವಾರ ಬೆಳಗ್ಗೆ ಇಗರ್ಜಿಗಳಲ್ಲಿ ಪೂಜೆ ನಡೆಯುವುದರಿಂದ ಒಳಗೆ ಅಡ್ಡಾಡುವಂತಿಲ್ಲ. ಜೂನ್ 13 ಸಂತ ಅಂತೋನಿಯ ಹಬ್ಬ, ಊರಿಗೇ ರಜೆ. ಹಿಂದಿನ ರಾತ್ರಿ ಅಲ್ಫಾಮಾದ ಗಲ್ಲಿಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಹಬ್ಬ ನೋಡಲೆಂದೇ ಹೋಗುವವರಿಗೆ ಅದು ಚಂದ, ಆಯಿಯಂಥವರಿಗೆ ಅಲ್ಲ. ಏಪ್ರಿಲ್‌–ಮೇ, ಸೆಪ್ಟೆಂಬರ್‌–ಅಕ್ಟೋಬರ್ ಹಿತವಾದ ಕಾಲ.

ದುರಸ್ತಿಯ ಬಗ್ಗೆಯೂ ಕೇಳಿ. ಬೆಲೆಂ ಗೋಪುರವನ್ನು 2025ರಲ್ಲಿ ಜೀರ್ಣೋದ್ಧಾರಕ್ಕಾಗಿ ಮುಚ್ಚಿದ್ದರು. ಹಳೆಯ ಕಟ್ಟಡಗಳಿಗೆ ಇದು ತಪ್ಪಿದ್ದಲ್ಲ. ‘ನಾವು ಬರುವ ದಿನ ಯಾವುದೆಲ್ಲ ಮುಚ್ಚಿರುತ್ತದೆ?’ ಎಂಬ ಒಂದು ಸಾಲು ಪತ್ರದಲ್ಲಿರಲಿ.

ವೀಸಾ ಕೈಗೆ ಬರುವ ಮುನ್ನ ಮರಳಿ ಸಿಗದ ಹಣ ಕಟ್ಟಬೇಡಿ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಗೈಡ್‌ಗೆ ಎರಡು ತಿಂಗಳ ಮೊದಲು ಬರೆದರೆ ಸಾಕು.

ನಾಲ್ಕನೆಯದು: ಯಾರನ್ನು ಹುಡುಕಬೇಕು

ಇಟಲಿ, ಆಸ್ಟ್ರಿಯಾ, ಗ್ರೀಸ್‌ಗಳಲ್ಲಿ ಪರವಾನಗಿಯಿಲ್ಲದೆ ಗೈಡ್ ಕೆಲಸ ಮಾಡುವಂತಿಲ್ಲ. ಪೋರ್ಚುಗಲ್ ಆ ನಿಯಮವನ್ನು 2011ರಲ್ಲಿ ತೆಗೆದುಹಾಕಿತು. ಅಲ್ಲಿ ಯಾರು ಬೇಕಾದರೂ ತಮ್ಮನ್ನು ಗೈಡ್ ಎಂದು ಕರೆದುಕೊಳ್ಳಬಹುದು. ಆದ್ದರಿಂದ ತೂಗಿನೋಡುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಓದಿ ತರಬೇತಾದ ಗೈಡ್‌ಗಳಿಗೆ ಎಸ್‌ಎನ್‌ಎಟಿಟಿಐ ಎಂಬ ವೃತ್ತಿಸಂಘವಿದೆ, ಎಜಿಐಸಿ ಎಂಬ ಇನ್ನೊಂದು ಸಂಘವೂ ಇದೆ. ‘ನೀವು ಇವುಗಳಲ್ಲಿ ಯಾವುದರ ಸದಸ್ಯರು?’ ಎಂದು ಕೇಳುವುದರಲ್ಲಿ ಅಗೌರವವಿಲ್ಲ. ತರಬೇತಾದವರು ಸಂತೋಷದಿಂದಲೇ ಹೇಳುತ್ತಾರೆ. ಪ್ರವಾಸ ಮಾರುವ ಕಂಪನಿಯಾದರೆ ತೂರಿಜ್ಮು ದ ಪೋರ್ತುಗಾಲ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ನೋಂದಣಿಯಾಗಿರಬೇಕು. ಪ್ರವಾಸ ಚಟುವಟಿಕೆ ನಡೆಸುವವರಿಗೆ ಆರ್‌ಎನ್‌ಎಎಟಿ ಸಂಖ್ಯೆ, ಟ್ರಾವೆಲ್ ಏಜೆನ್ಸಿಗಳಿಗೆ ಆರ್‌ಎನ್‌ಎವಿಟಿ ಸಂಖ್ಯೆ. ಸಾಮಾನ್ಯವಾಗಿ ಅವರ ಜಾಲತಾಣದ ತಳದಲ್ಲಿ ಅಚ್ಚಾಗಿರುತ್ತದೆ. ಕಾಣದಿದ್ದರೆ ಕೇಳಿ.

ಮೂರು ಬಗೆಯವರನ್ನು ಬೇರೆಬೇರೆಯಾಗಿ ನೋಡಬೇಕು. ಕಾಲ್ನಡಿಗೆಯ ಗೈಡ್ ನಿಮ್ಮೊಂದಿಗೆ ಕಟ್ಟಡದೊಳಗೆ ಬಂದು ವಿವರಿಸುತ್ತಾರೆ. ಚಾಲಕ–ಗೈಡ್ ಕಾರು ನಡೆಸುತ್ತ ಮಾತಾಡುತ್ತಾರೆ, ಆದರೆ ಬಹಳ ಸಲ ಬಾಗಿಲಲ್ಲೇ ಬಿಟ್ಟು ‘ಒಂದು ಗಂಟೆಯಲ್ಲಿ ಬನ್ನಿ’ ಎನ್ನುತ್ತಾರೆ. ಮೂರನೆಯವರು ಟುಕ್‌ಟುಕ್‌ನವರು. ನಮ್ಮ ರಿಕ್ಷಾದ ನೆಂಟ ವಾಹನವೇ ಲಿಸ್ಬನ್‌ನ ಏರುಗಳಲ್ಲಿ ಪ್ರವಾಸಿಗರನ್ನು ಹೊತ್ತು ಓಡಾಡುತ್ತದೆ. ಅದನ್ನು ನಡೆಸುವವರಲ್ಲಿ ಒಳ್ಳೆಯ ಕಥೆಗಾರರಿದ್ದಾರೆ, ಆದರೆ ಎಲ್ಲರೂ ತರಬೇತಾದ ಗೈಡ್‌ಗಳಲ್ಲ. ನಾವು ಅಲ್ಫಾಮಾದ ದಿನಕ್ಕೆ ಕಾಲ್ನಡಿಗೆಯ ಗೈಡ್ ಗೊತ್ತುಮಾಡಿ, ದೊಡ್ಡ ಏರು ಬಂದಲ್ಲಿ ಎಲ್ಲರೂ ಟುಕ್‌ಟುಕ್ ಹತ್ತಿದೆವು. ಗ್ರಾಸಾ ಬೆಟ್ಟದ ಇಗರ್ಜಿಯವರೆಗೂ ಆಯಿ ದಣಿಯದೆ ಬಂದಳು. ಅಲ್ಬುಕರ್ಕನ ಅವಶೇಷಗಳನ್ನು 1566ರಲ್ಲಿ ಗೋವೆಯಿಂದ ತಂದಿಟ್ಟದ್ದು ಆ ಇಗರ್ಜಿಯಲ್ಲೇ. ಮೇಲಿನಿಂದ ಇಡೀ ಊರು, ತೇಜು ನದಿ ಕಾಣುತ್ತವೆ.

ಗೆಟ್‌ಯುವರ್‌ಗೈಡ್, ವಿಯಾಟರ್‌ನಂಥ ತಾಣಗಳಲ್ಲಿ ಹುಡುಕುವುದು ಸುಲಭ, ರದ್ದತಿಯ ನಿಯಮ ಸ್ಪಷ್ಟ. ಆದರೆ ಅಲ್ಲಿ ಮೊದಲು ಹಣ, ಆಮೇಲೆ ಮಾತು. ನಿಮ್ಮದೇ ದಾರಿ ಬೇಕಾದವರು ಗೈಡ್‌ಗೆ ನೇರವಾಗಿ ಬರೆಯುವುದೇ ಸರಿ. ತಾಣದಲ್ಲಿನ ಅಭಿಪ್ರಾಯಗಳನ್ನು ಓದುವಾಗ ನಕ್ಷತ್ರಗಳನ್ನು ಎಣಿಸಬೇಡಿ. ‘ನನ್ನ ತಂದೆಗೆ ಸುಸ್ತಾದಾಗ ದಾರಿ ಬದಲಿಸಿದರು’ ಎಂಬಂಥ ಸಾಲು ಇದೆಯೇ ಹುಡುಕಿ.

ಐದನೆಯದು: ಪತ್ರ

ಇಡೀ ಕೆಲಸದ ಜೀವ ಇಲ್ಲಿದೆ. ನಾನು ಇಂಗ್ಲಿಷಿನಲ್ಲಿ ಮೂವರಿಗೆ ಕಳುಹಿಸಿದ ಪತ್ರದ ಸಾರವನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ. ನಿಮ್ಮದಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಿ.

"ನಮಸ್ಕಾರ. ನಾವು ನಾಲ್ವರು: ನಾನು, ನನ್ನ ಹೆಂಡತಿ, 71 ವರ್ಷದ ನನ್ನ ತಾಯಿ, 9 ವರ್ಷದ ಮಗಳು. ಭಾರತದ ಪಶ್ಚಿಮ ಕರಾವಳಿಯ ಹೊನ್ನಾವರ ನಮ್ಮೂರು. ಪೋರ್ಚುಗೀಸರು ಅದನ್ನು ಓನೋರ್ ಎಂದು ಕರೆಯುತ್ತಿದ್ದರು. ಮಂಗಳವಾರ ಮತ್ತು ಬುಧವಾರ ಬೆಳಗ್ಗೆ 9ರಿಂದ 1ರವರೆಗೆ ನಿಮ್ಮೊಂದಿಗೆ ಲಿಸ್ಬನ್ ನೋಡಬೇಕೆಂದಿದ್ದೇವೆ. ನಮಗೆ ಬೇಕಾದದ್ದು ಒಂದೇ ಎಳೆ: ನಮ್ಮ ಕರಾವಳಿ ಮತ್ತು ಬಿಸ್ನಗಾ ಸಾಮ್ರಾಜ್ಯದೊಂದಿಗೆ ನಿಮ್ಮ ಊರಿಗಿದ್ದ ಸಂಬಂಧದ ಗುರುತುಗಳು. ಸಾಂಬಾರ, ಕುದುರೆ, ಹಡಗು, ಯುದ್ಧ, ಪದಗಳು, ಯಾವುದಾದರೂ ಸರಿ. ತಿಮೋಜನ ಬಗ್ಗೆ ನಿಮ್ಮಲ್ಲಿ ಏನು ಹೇಳುತ್ತಾರೆಂಬ ಕುತೂಹಲವಿದೆ. ಮಗಳಿಗೆ ಘೇಂಡಾಮೃಗದ ಕೆತ್ತನೆ ತೋರಿಸಬೇಕು. ತಾಯಿ ಸಮತಟ್ಟಿನಲ್ಲಿ ಇಪ್ಪತ್ತು ನಿಮಿಷ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಅವರಿಗೆ ಇಂಗ್ಲಿಷ್ ಬಾರದು, ನಾನು ಅನುವಾದಿಸುತ್ತೇನೆ. ಆದ್ದರಿಂದ ಸ್ಥಳಗಳು ಕಡಿಮೆಯಿದ್ದರೂ ಸರಿ. ಅಂಗಡಿಗಳಿಗೆ ಕರೆದೊಯ್ಯುವುದು ಬೇಡ. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ನೀವು ಸೂಚಿಸುವ ದಾರಿ, ಒಟ್ಟು ದರ, ಅದರಲ್ಲಿ ಸೇರಿರುವುದು ಮತ್ತು ಸೇರದಿರುವುದು, ರದ್ದತಿಯ ನಿಯಮ ತಿಳಿಸಿ. ನಾವು ಬರುವ ದಿನಗಳಲ್ಲಿ ಮುಚ್ಚಿರುವ ಸ್ಥಳಗಳಿದ್ದರೆ ಅದನ್ನೂ ತಿಳಿಸಿ."

ಅಂಗಡಿಯ ಸಾಲು ಬೇಡವೆಂದು ಹೆಂಡತಿ ಹೇಳಿದಳು; ಒರಟಾಗಿ ಕೇಳಿಸುತ್ತದೆ ಎಂಬುದು ಅವಳ ಅಳುಕು. ನಾನು ಉಳಿಸಿದೆ. ಕೊಳ್ಳುವ ಮನಸ್ಸಿದ್ದವರು ಆ ಹೊತ್ತನ್ನು ತಾವೇ ಬೇರೆಯಾಗಿ ಇಟ್ಟುಕೊಳ್ಳಬಹುದು. ಗೈಡ್‌ನ ಗಂಟೆಗೆ ಹಣ ಕೊಟ್ಟು ತಗಡಿನ ಹುಂಜ, ಕಾರ್ಕ್ ಚೀಲಗಳ ಮಳಿಗೆಯಲ್ಲಿ ನಿಲ್ಲುವುದು ನನಗೆ ಒಗ್ಗುವುದಿಲ್ಲ.

ಆರನೆಯದು: ಬಂದ ಉತ್ತರವನ್ನು ಓದುವ ಬಗೆ

ಪೋರ್ಚುಗಲ್ ನಮಗಿಂತ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದಿದೆ. ಉತ್ತರ ಅದೇ ದಿನ ಬರಲಿಲ್ಲವೆಂದು ಅವಸರಪಡಬೇಡಿ.

ಮೊದಲ ಉತ್ತರ ಬೇಗ ಬಂತು: ಹನ್ನೊಂದು ಸ್ಥಳಗಳ ಪಟ್ಟಿ, ಕೆಳಗೆ ದರ. ಬಿಸ್ನಗಾದ ಸುದ್ದಿಯಿಲ್ಲ, ಆಯಿಯ ಮಂಡಿಯ ಸುದ್ದಿಯಿಲ್ಲ. ಎರಡನೆಯದರಲ್ಲಿ ಇದ್ದದ್ದು ದರ ಮಾತ್ರ. ಮೂರನೆಯದು ನಾಲ್ಕು ದಿನ ತಡವಾಗಿ ಬಂತು, ಅದರ ತುಂಬ ಪ್ರಶ್ನೆಗಳಿದ್ದವು. ತಾಯಿಗೆ ಬಿಸಿಲು ತಡೆಯುತ್ತದೆಯೇ? ಮಗಳಿಗೆ ಸಮಾಧಿಗಳೆಂದರೆ ಹೆದರಿಕೆಯೇ? ಬಿಸ್ನಗಾ ಬಗ್ಗೆ ನನಗೆ ಹೆಚ್ಚು ತಿಳಿಯದು, ಓದಿಕೊಂಡು ಬರುತ್ತೇನೆ, ನಿಮ್ಮಲ್ಲಿ ಏನಾದರೂ ಇದ್ದರೆ ಕಳುಹಿಸುತ್ತೀರಾ? ಗೋಪುರದ ಒಳಗಿನ ಸುರುಳಿ ಮೆಟ್ಟಿಲು ನಿಮ್ಮ ತಾಯಿಗೆ ಆಗದು. ಘೇಂಡಾಮೃಗ ಹೊರಗಿನಿಂದಲೇ ಕಾಣುತ್ತದೆ, ಒಳಗಿನ ಟಿಕೆಟ್ ಕೊಳ್ಳಬೇಡಿ.

ಅವರನ್ನೇ ಗೊತ್ತುಮಾಡಿದೆವು. ಮರುಪ್ರಶ್ನೆ ಕೇಳುವವರನ್ನು, ‘ನನಗೆ ತಿಳಿಯದು’ ಎನ್ನಬಲ್ಲವರನ್ನು, ನಿಮ್ಮ ಖರ್ಚು ಉಳಿಸುವ ಮಾತನ್ನು ತಾವಾಗಿ ಆಡುವವರನ್ನು ಬಿಡಬೇಡಿ. ಎಲ್ಲಕ್ಕೂ ‘ಆಗಲಿ’ ಎನ್ನುವ ಉತ್ತರದ ಬಗ್ಗೆ ಎಚ್ಚರವಿರಲಿ. ನಾಲ್ಕು ಗಂಟೆಯಲ್ಲಿ ಬೆಲೆಂ, ಅಲ್ಫಾಮಾ, ಸಿಂತ್ರಾ ಮೂರೂ ಆಗಲಿ ಎಂದವರು ನಿಮ್ಮ ಪತ್ರ ಓದಿಲ್ಲ.

ದಾರಿ ಒಪ್ಪಿಗೆಯಾದ ಮೇಲೆ ಅದನ್ನು ಒಂದೇ ಮಿಂಚಂಚೆಯಲ್ಲಿ ಬರೆಸಿಕೊಳ್ಳಿ: ದಿನಾಂಕ, ಭೇಟಿಯ ಜಾಗ, ಸ್ಥಳಗಳ ಕ್ರಮ, ಗಂಟೆ, ಒಟ್ಟು ಮೊತ್ತ, ಬರುವ ಗೈಡ್‌ನ ಹೆಸರು. ಕಂಪನಿಗಳು ಕೊನೆಗಳಿಗೆಯಲ್ಲಿ ಬೇರೆಯವರನ್ನು ಕಳುಹಿಸುವುದುಂಟು. ನಿಮ್ಮ ಎಳೆಯನ್ನು ಓದಿಕೊಂಡವರು ಒಬ್ಬರು, ಬರುವವರು ಇನ್ನೊಬ್ಬರು ಆದರೆ ಪಟ್ಟ ಶ್ರಮವೆಲ್ಲ ನೀರುಪಾಲು.

ಏಳನೆಯದು: ಹಣ

ಖಾಸಗಿ ಗೈಡ್‌ನ ದರ ಸಾಮಾನ್ಯವಾಗಿ ತಂಡಕ್ಕೆ, ತಲೆಗಲ್ಲ. ನಮಗೆ ಬಂದ ದರಗಳು ಅರ್ಧ ದಿನಕ್ಕೆ ಇನ್ನೂರು ಯೂರೋ ಆಸುಪಾಸಿನಲ್ಲಿದ್ದವು. ಒಬ್ಬರಿಗೆ ಅದು ಭಾರ. ನಾಲ್ವರು, ಆರು ಜನರಿಗೆ ಹಂಚಿದರೆ ಹಗುರ. ಪರಿಚಯದ ಇನ್ನೊಂದು ಕುಟುಂಬದ ಜೊತೆ ಸೇರಿ ಹೋಗಬಹುದು, ಆದರೆ ಅವರ ಎಳೆಯೂ ನಿಮ್ಮದೇ ಆಗಿದ್ದರೆ ಮಾತ್ರ.

ದರದಲ್ಲಿ ಐವಿಎ ಸೇರಿದೆಯೇ ಕೇಳಿ. ಅದು ನಮ್ಮ ಜಿಎಸ್‌ಟಿಯಂಥ ತೆರಿಗೆ, ಪೋರ್ಚುಗಲ್‌ನಲ್ಲಿ ಅದರ ಸಾಮಾನ್ಯ ದರ ಶೇಕಡ 23. ಪ್ರವೇಶ ಟಿಕೆಟ್, ವಾಹನ ಸೇರಿವೆಯೇ, ನಾಲ್ಕು ಗಂಟೆ ಮೀರಿದರೆ ಗಂಟೆಗೆಷ್ಟು, ಇವೂ ಬರವಣಿಗೆಯಲ್ಲಿರಲಿ. ಕಾರು ಬೇಕಾದರೆ ಮಗುವಿನ ವಯಸ್ಸು, ಎತ್ತರ ತಿಳಿಸಿ. 12 ವರ್ಷದೊಳಗಿನ, 135 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಕಾರಿನಲ್ಲಿ ಪ್ರತ್ಯೇಕ ಆಸನ ಬೇಕೆಂಬ ಕಾನೂನಿದೆ.

ಪೂರ್ತಿ ಹಣ ಮುಂಗಡ ಕೇಳಿದರೆ ‘ಸ್ವಲ್ಪ ಈಗ, ಉಳಿದದ್ದು ಅಂದು’ ಎಂದು ಕೇಳಿ ನೋಡಿ. ಬ್ಯಾಂಕ್ ಮೂಲಕ ಯೂರೋ ಕಳುಹಿಸುವುದು ಸಣ್ಣ ಮೊತ್ತಕ್ಕೆ ದುಬಾರಿ ಮತ್ತು ನಿಧಾನ. ಕಾರ್ಡ್‌ನಲ್ಲಿ ಕಟ್ಟುವ ಕೊಂಡಿ ಕಳುಹಿಸಿ ಎಂದರೆ ಹೆಚ್ಚಿನವರು ಕಳುಹಿಸುತ್ತಾರೆ. ನಮ್ಮ ಬ್ಯಾಂಕುಗಳ ಕಾರ್ಡ್‌ಗಳಲ್ಲಿ ವಿದೇಶಿ ವ್ಯವಹಾರವನ್ನು ನಾವೇ ಆ್ಯಪ್‌ನಲ್ಲಿ ಚಾಲೂ ಮಾಡಬೇಕು. ಕಟ್ಟುವಾಗ ಪರದೆಯ ಮೇಲೆ ‘ರೂಪಾಯಿಯಲ್ಲೋ ಯೂರೋದಲ್ಲೋ’ ಎಂಬ ಪ್ರಶ್ನೆ ಬಂದರೆ ಯೂರೋ ಆರಿಸಿ. ರೂಪಾಯಿ ಆರಿಸಿದರೆ ಪರಿವರ್ತನೆಯ ದರ ಅವರ ಕೈಯಲ್ಲಿರುತ್ತದೆ.

ರದ್ದತಿಯ ನಿಯಮದಲ್ಲಿ ಗಂಟೆಗಳನ್ನು ನೋಡಿ. 24 ಗಂಟೆ, 48 ಗಂಟೆ, ಒಂದು ವಾರ, ಒಬ್ಬೊಬ್ಬರದು ಒಂದೊಂದು. ವಿಮಾನ ತಡವಾದರೆ ಏನು, ಜೋರು ಮಳೆ ಬಂದರೆ ಏನು ಎಂಬುದನ್ನೂ ಕೇಳಿಡಿ. ಲಿಸ್ಬನ್‌ಗೆ ಇಳಿದ ಮರುದಿನ ಬೆಳಗ್ಗೆಯೇ ಗೈಡ್ ಇಟ್ಟುಕೊಳ್ಳಬೇಡಿ. ನಿದ್ದೆಗೆಟ್ಟವರಿಗೆ ಯಾವ ಕಥೆಯೂ ಕಿವಿಗೆ ಬೀಳುವುದಿಲ್ಲ.

ಎಂಟನೆಯದು: ಟಿಕೆಟ್ ಮತ್ತು ಸಾಲು

‘ಸಾಲಿನಲ್ಲಿ ನಿಲ್ಲಬೇಕಿಲ್ಲ’ ಎಂದರೆ ಯಾವ ಸಾಲು ಎಂದು ಕೇಳಿ. ಟಿಕೆಟ್ ಕೊಳ್ಳುವ ಸಾಲನ್ನು ಮುಂಗಡ ಖರೀದಿಯಿಂದ ತಪ್ಪಿಸಬಹುದು, ಒಳಗೆ ಬಿಡುವ ಸಾಲನ್ನು ಎಲ್ಲೆಡೆ ತಪ್ಪಿಸಲಾಗದು. ಜೆರೋನಿಮೋಸ್‌ನಲ್ಲಿ ಇಗರ್ಜಿ ಬೇರೆ, ಕಂಬಗಳ ಅಂಗಳವಿರುವ ಮಠದ ಭಾಗ ಬೇರೆ. ಅಂಗಳಕ್ಕೆ ಟಿಕೆಟ್ ಬೇಕು, ಸಮಾಧಿಗಳಿರುವುದು ಇಗರ್ಜಿಯಲ್ಲಿ. ಎರಡಕ್ಕೂ ಬೇರೆ ಸಾಲುಗಳು. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುವಂತೆ ದಾರಿ ರೂಪಿಸಿಕೊಳ್ಳಿ. ಬಂದರಿಗೆ ದೊಡ್ಡ ಪ್ರವಾಸಿ ಹಡಗು ಬರುವ ದಿನಗಳಲ್ಲಿ ಬೆಲೆಂ ಕಿಕ್ಕಿರಿಯುತ್ತದೆ. ಸ್ಥಳೀಯ ಗೈಡ್‌ಗಳಿಗೆ ಆ ದಿನಗಳು ಗೊತ್ತಿರುತ್ತವೆ. ನಮ್ಮವರು ಅದಕ್ಕಾಗಿಯೇ ಬುಧವಾರವನ್ನು ಗುರುವಾರಕ್ಕೆ ಬದಲಿಸಿದ್ದರು.

ಊಟದ ಮಾತು

ಬೆಲೆಂನಲ್ಲಿ 1837ರಿಂದ ಮಾಡಿ ಮಾರುವ ಪ್ರಸಿದ್ಧ ಪೇಸ್ಟ್ರಿಯ ಹೂರಣ ಮೊಟ್ಟೆಯದು. ‘ಕಾಲ್ದು ವೆರ್ದ್’ ಎಂಬ ಹಸಿರು ಸೊಪ್ಪಿನ ಸಾರಿನಲ್ಲಿ ಸಾಮಾನ್ಯವಾಗಿ ಮಾಂಸದ ತುಂಡಿರುತ್ತದೆ. ‘ಸೆಂ ಕಾರ್ನ್, ಸೆಂ ಪೈಶ್, ಸೆಂ ಓವು’ ಎಂದು ಚೀಟಿಯಲ್ಲಿ ಬರೆಸಿಕೊಂಡರೆ ಮಾಂಸ, ಮೀನು, ಮೊಟ್ಟೆ ಮೂರೂ ಬೇಡವೆಂದು ತಿಳಿಯುತ್ತದೆ. ಮೌರಾರಿಯ, ಮಾರ್ತಿಂ ಮೊನಿಜ್ ಸುತ್ತ ಭಾರತ, ಬಾಂಗ್ಲಾದೇಶ, ನೇಪಾಳದವರ ಅಂಗಡಿ, ಹೋಟೆಲುಗಳಿವೆ. ಊರಿನ ಉತ್ತರಕ್ಕೆ ಲುಮಿಯಾರ್‌ನಲ್ಲಿ ಮೊಜಾಂಬಿಕ್ ಮೂಲಕ ಬಂದ ಗುಜರಾತಿಗಳು ಕಟ್ಟಿದ ರಾಧಾಕೃಷ್ಣ ದೇವಸ್ಥಾನವಿದೆ, ಅಲ್ಲಿ ಸಸ್ಯಾಹಾರದ ಊಟ ಸಿಗುತ್ತದೆ. ಪ್ರವಾಸ ಮುಗಿಯುವ ಜಾಗವನ್ನು ಊಟದ ಜಾಗದ ಹತ್ತಿರ ಇಡಿ ಎಂದು ಗೈಡ್‌ಗೆ ಹೇಳಬಹುದು.

ಹಿಂದಿನ ರಾತ್ರಿ ಮತ್ತು ಆ ದಿನ

ಹಿಂದಿನ ಸಂಜೆ ಒಂದು ಸಂದೇಶ ಕಳುಹಿಸಿ ಸಮಯ, ಜಾಗ ಖಚಿತಪಡಿಸಿಕೊಳ್ಳಿ. ತೆರ್ರೈರೊ ದು ಪಾಸು ಎಂದಷ್ಟೇ ಹೇಳಿದರೆ ಸಾಲದು, ಅದು ವಿಶಾಲ ಚೌಕ. ನಡುವೆ ದೊರೆ ಜೋಸೆಯ ಕುದುರೆ ಪ್ರತಿಮೆಯಿದೆ, ಅದರ ನದಿಯ ಬದಿ ಎಂದು ನಿಖರವಾಗಿರಲಿ. ರಬ್ಬರ್ ಅಟ್ಟೆಯ ಚಪ್ಪಲಿ ಅಥವಾ ಷೂ ಹಾಕಿಕೊಳ್ಳಿ.

ಭೇಟಿಯಾದ ಮೊದಲ ಐದು ನಿಮಿಷ ನಡೆಯಲು ಶುರುಮಾಡದೆ ನಿಂತು ಮಾತಾಡಿ. ಅಂದು ಯಾರಿಗೆ ಹೇಗಿದೆ ಹೇಳಿ. ನಮ್ಮ ಮೊದಲ ಬೆಳಗ್ಗೆ ಆಯಿಗೆ ಕಾಲು ಊದಿತ್ತು. ಗೈಡ್ ಅಲ್ಲೇ ಎರಡು ಸ್ಥಳ ಬಿಟ್ಟು, ನದಿಯ ಮೆಟ್ಟಿಲ ಬಳಿ ಕೂರಿಸಿದರು. ಗೋವೆಯಿಂದ ಬಂದ ಸರಕು ಸೇರುತ್ತಿದ್ದ ‘ಕಾಜಾ ದ ಇಂದಿಯಾ’ ಎಂಬ ವ್ಯಾಪಾರ ಕಚೇರಿ ಇದೇ ಚೌಕದ ಅರಮನೆಯಲ್ಲಿತ್ತು; 1755ರ ನವೆಂಬರ್ 1ರ ಭೂಕಂಪ, ಸುನಾಮಿ, ಬೆಂಕಿಗಳಲ್ಲಿ ಎಲ್ಲ ನಾಶವಾಯಿತು ಎಂದು ಅಲ್ಲೇ ವಿವರಿಸಿದರು. ಆಯಿ ನೀರನ್ನೇ ನೋಡುತ್ತ ಕುಳಿತಿದ್ದಳು. "ನಮ್ಮ ಮೆಣಸು ಇಳಿದದ್ದು ಇಲ್ಲಿಯೋ?" ಎಂದು ಎರಡು ಸಲ ಕೇಳಿದಳು.

ದಾರಿ ಸರಿಹೋಗದಿದ್ದರೆ ಆಗಲೇ ಹೇಳಿ, ಸಂಜೆ ಅಭಿಪ್ರಾಯ ಬರೆಯುವವರೆಗೆ ಕಾಯಬೇಡಿ. ಪೋರ್ಚುಗಲ್‌ನಲ್ಲಿ ಟಿಪ್ಸ್ ಕಡ್ಡಾಯವಲ್ಲ, ಮನಸ್ಸಿಗೆ ಬಂದಷ್ಟು ಕೊಡಬಹುದು. ಕೊನೆಯಲ್ಲಿ ರಸೀದಿ ಕೇಳಿ ಪಡೆಯಿರಿ. ಮಾತು ತಪ್ಪಿದ ಕಂಪನಿಯ ಮೇಲೆ ದೂರು ಬರೆಯಲು ‘ಲೀವ್ರು ದ ರೆಕ್ಲಮಸೋಯಿಶ್’ ಎಂಬ ದೂರುಪುಸ್ತಕ ಅಲ್ಲಿನ ಎಲ್ಲ ವ್ಯವಹಾರಸ್ಥರಲ್ಲೂ ಇರಲೇಬೇಕು, ಅದರ ಆನ್‌ಲೈನ್ ರೂಪವೂ ಇದೆ. ಊರಿಗೆ ಮರಳಿದ ಮೇಲೂ ಅದರಲ್ಲಿ ಬರೆಯಬಹುದು. ರಸೀದಿಯಲ್ಲಿರುವ ಕಂಪನಿಯ ತೆರಿಗೆ ಸಂಖ್ಯೆ ಆಗ ಬೇಕಾಗುತ್ತದೆ.